ರಕ್ತಚಂದನದ ಜೊಳ್ಳು ಎಕ್ಸ್‌ರೇಯಲ್ಲಿ ಸಿಕ್ಕಿಬಿತ್ತು

ಚಿಂತಾಮಣಿ ಬಳಿ ನರ್ಸರಿ ಇಟ್ಟುಕೊಂಡು ಏಳೆಂಟು ವರ್ಷ ರಕ್ತಚಂದನದ ಕಾಯಿಯನ್ನು ನಂಬಿಕೆಯ ಮೇಲೆ ಕೊಂಡೆ. ಒಳಗೆ ಬೀಜ ಇದೆಯೋ ಜೊಳ್ಳೋ ಒಡೆಯದೆ ತಿಳಿಯದು, ಒಡೆದರೆ ಬೀಜವೂ ಸೀಳುತ್ತದೆ. ಸಗಣಿ ನೀರಿನಲ್ಲಿ ಮೂರು ದಿನ ನೆನೆಸಿದರೂ ನೂರಕ್ಕೆ 15-20 ಮೊಳೆತರೆ ಹೆಚ್ಚು. ಒಂದು ವರ್ಷವಂತೂ ಕಾಯಿ, ಚೀಲ, ಕೂಲಿ ಸೇರಿ ಸುಮಾರು 40,000 ರೂಪಾಯಿ ಮಣ್ಣುಪಾಲಾಯಿತು.

ಎಕ್ಸ್‌ರೇ ತೆಗೆಸುತ್ತೇನೆ ಎಂದಾಗ ಸುತ್ತಲಿನ ನರ್ಸರಿಯವರು, ಕಿರಣ ತಾಗಿದ ಬೀಜ ಸತ್ತೇ ಹೋಗುತ್ತದೆ ಎಂದರು. ಮೊದಲು ಮೂಳೆಯ ಎಕ್ಸ್‌ರೇ ತೆಗೆಯುವ ಕಡೆಗೆ ಹೋದೆ. 60 ಕಿಲೋವೋಲ್ಟ್‌ಗೆ ಪ್ಲೇಟು ಪೂರ್ತಿ ಕಪ್ಪು. 45ಕ್ಕೆ ಇಳಿಸಿದರೂ ಮಬ್ಬು. ನಾಲ್ಕು ಪ್ಲೇಟಿಗೆ 1,400 ರೂಪಾಯಿ ಹೋಯಿತು. ಬೀಜಕ್ಕೆ ಮೃದು ಕಿರಣ ಬೇಕು, ಸ್ತನ ಪರೀಕ್ಷೆಗೆ ಬಳಸುವ ಮ್ಯಾಮೋಗ್ರಫಿ ಯಂತ್ರ 25-30 ಕಿಲೋವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ ಎಂದು ದಾರಿ ತೋರಿಸಿದವರು ಅಲ್ಲಿನ ತಂತ್ರಜ್ಞರೇ. ಕೋಲಾರದಲ್ಲಿ ಅಂತಹ ಯಂತ್ರವಿರುವ ಕೇಂದ್ರವೊಂದರ ವೈದ್ಯರನ್ನು ಮೂರು ಸಲ ಕಂಡ ಮೇಲೆ, ಸಂಜೆ ರೋಗಿಗಳೆಲ್ಲ ಹೋದ ಬಳಿಕ ಬನ್ನಿ ಎಂದರು.

ಆ ಚಿತ್ರ ನೋಡಿದ ಸಂತೋಷ ಹೇಳತೀರದು. ಗಟ್ಟಿ ಕಾಳು ಬೆಳ್ಳಗೆ ಅವರೆಕಾಳಿನಂತೆ ಕೂತಿತ್ತು. ಜೊಳ್ಳಿನಲ್ಲಿ ಬರೀ ಬೂದು ಬಣ್ಣದ ಗೂಡು.

ಕಾಯಿಯ ಸುತ್ತಲಿನ ತೆಳು ರೆಕ್ಕೆ ಸಮೇತ ಇಟ್ಟರೆ ಪ್ಲೇಟಿಗೆ 30 ಕಾಯಿ, ರೆಕ್ಕೆ ಕತ್ತರಿಸಿದರೆ ನೂರರವರೆಗೆ ಹಿಡಿಯುತ್ತದೆ. ಖರ್ಚು ಉಳಿಸಲು ಕತ್ತರಿಸಿ, ಚೌಕ ಎಳೆದ ರಟ್ಟಿನ ಮೇಲೆ 200 ಕಾಯಿ ಜೋಡಿಸಿದೆ. ಗಟ್ಟಿ ಕಂಡವು 75ರ ಆಸುಪಾಸು, ಅವುಗಳಲ್ಲಿ 38 ಮೊಳೆತವು. ಜೊಳ್ಳೆಂದು ಬೇರೆ ಬಿತ್ತಿದ್ದರಲ್ಲಿ ಹುಟ್ಟಿದ್ದು ಒಂದೇ. ಅದೇ ರಾಶಿಯಿಂದ ಎಕ್ಸ್‌ರೇ ತೋರಿಸದೆ ಬಿತ್ತಿದ 200ರಲ್ಲಿಯೂ ಮೊಳೆತವು 35ರಷ್ಟೇ. ಕಿರಣ ಬೀಜವನ್ನು ಕೊಲ್ಲುತ್ತದೆ ಎಂದವರನ್ನು ಕರೆದು ಎರಡೂ ಮಡಿ ತೋರಿಸಿದೆ.

ಕ್ವಿಂಟಲ್‌ಗಟ್ಟಲೆ ಕಾಯಿಗೆ ಎಕ್ಸ್‌ರೇ ತೆಗೆಸಲಾಗದು. ಫ್ಯಾನಿನ ಮುಂದೆ ತೂರಿ ಮೂರು ರಾಶಿ ಮಾಡಿ, ಒಂದೊಂದರಿಂದ ನೂರು ಕಾಯಿ ಪರೀಕ್ಷಿಸುತ್ತೇನೆ. ಹಿಂದೆ ರೆಕ್ಕೆ ಸಮೇತ ತೂರುತ್ತಿದ್ದಾಗ ಗಟ್ಟಿಯೂ ಹಾರಿ ಹಗುರ ರಾಶಿಗೆ ಬೀಳುತ್ತಿತ್ತು. ಕತ್ತರಿಸಿ ತೂರಿದ ಮೇಲೆ ಭಾರದ ರಾಶಿಯಲ್ಲಿ ನೂರಕ್ಕೆ 70 ಗಟ್ಟಿ. ಫ್ಯಾನಿನ ವೇಗ ಎಷ್ಟು, ರಾಶಿ ಎಷ್ಟು ದೂರಕ್ಕೆ ಬೀಳಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎರಡು ವರ್ಷ ತೆತ್ತಿದ್ದೇನೆ.

ಒಂದು ಸಲ ಚಿತ್ರದಲ್ಲಿ ನೂರಕ್ಕೆ 80 ಗಟ್ಟಿ ಕಂಡು, ಕೇಳಿದ ಬೆಲೆ ಕೊಟ್ಟು ತಂದೆ. ಒಂದೂ ಹುಟ್ಟಲಿಲ್ಲ. ಎರಡು ವರ್ಷದ ಹಳೆಯ ಕಾಯಿ! ಎಕ್ಸ್‌ರೇಗೆ ತುಂಬಿದ ಕಾಳು ಕಾಣುತ್ತದೆ, ಜೀವ ಕಾಣುವುದಿಲ್ಲ. ಈಗ ಕೊಳ್ಳುವ ಮೊದಲು ಒಂದು ಹಿಡಿ ಕಾಯನ್ನು ಒದ್ದೆ ಗೋಣಿಯಲ್ಲಿ ಕಟ್ಟಿಟ್ಟು ಮೊಳಕೆ ನೋಡುತ್ತೇನೆ.

ನಡುವೆ ತುಮಕೂರಿನಿಂದ ತಂದ ಹುಣಸೆ ಬೀಜವನ್ನೂ ಇಟ್ಟು ನೋಡಿದೆ. ಹೊರಗೆ ತೂತೇ ಇಲ್ಲದ ಬೀಜದೊಳಗೆ ಹುಳು ಸುರುಳಿ ಸುತ್ತಿ ಮಲಗಿತ್ತು. ತೇಗದ ಕಾಯಿಯ ನಾಲ್ಕು ಕೋಣೆಗಳಲ್ಲಿ ಹೆಚ್ಚಿನವು ಖಾಲಿ. ಅದರ ಚಿಪ್ಪು ದಪ್ಪ, ವೋಲ್ಟೇಜ್ ಸ್ವಲ್ಪ ಏರಿಸಬೇಕು.

ಕಳೆದ ಹಂಗಾಮಿನಲ್ಲಿ ಭಾರದ ರಾಶಿಯಿಂದ ಸುಮಾರು 6,000 ಕಾಯಿ ಬಿತ್ತಿ 2,300ರಷ್ಟು ಸಸಿ ಎಬ್ಬಿಸಿದೆ. ಎಕ್ಸ್‌ರೇ, ಬಸ್ಸು, ಚಹಾ ಸೇರಿ ಆದ ಖರ್ಚು 3,000 ದಾಟಲಿಲ್ಲ. ಅಂದು ಅನುಮಾನಿಸಿದವರಲ್ಲಿ ಇಬ್ಬರು ಈ ಮಾರ್ಚಿನಲ್ಲಿ ತಮ್ಮ ಕಾಯಿಯ ಚೀಲ ಹೊತ್ತು ನನ್ನ ಜೊತೆ ಕೋಲಾರದ ಬಸ್ಸು ಹತ್ತಿದರು.