‘ಅರ್ಹ’ ಎಂದು ಬರೆಯುವ ಮುನ್ನ

ಬಸವನಗುಡಿಯ ನಮ್ಮ ಬೀದಿಯ ರಾಜ್ಯೋತ್ಸವದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿಗೆ ಅರ್ಪಿಸಲಿದ್ದ ಬಿನ್ನವತ್ತಳೆಯನ್ನು ತಿದ್ದುತ್ತಿದ್ದಾಗ, ‘ತಾವು ಈ ಸನ್ಮಾನಕ್ಕೆ ಅರ್ಹರಾಗಿದ್ದೀರಿ’ ಎಂಬ ಸಾಲಿನಲ್ಲಿ ನನ್ನ ಪೆನ್ನು ನಿಂತಿತು. ವ್ಯಾಕರಣದಲ್ಲಿ ದೋಷವಿರಲಿಲ್ಲ, ಆದರೆ ಹಿರಿಯರೊಬ್ಬರನ್ನು ಪರೀಕ್ಷೆಗೆ ಕೂರಿಸಿ, ಪಾಸಾಗಿದ್ದೀರಿ ಎಂದು ತಿಳಿಸಿದ ಹಾಗಿತ್ತು. ‘ಈ ಸನ್ಮಾನ ತಮಗೆ ಸಲ್ಲತಕ್ಕದ್ದು’ ಎಂದು ಬದಲಿಸಿದೆ.

ಸಂಸ್ಕೃತದಿಂದ ಬಂದ ‘ಅರ್ಹ’ ಪದವನ್ನು ನಾವು ಇಂದು ಬಳಸುವಾಗ ಅದರ ಹಿಂದೆ ಸಾಮಾನ್ಯವಾಗಿ ಒಂದು ಅಳತೆಗೋಲಿರುತ್ತದೆ. ಆದ್ದರಿಂದ ಬರೆಯುವ ಮುನ್ನ ಆ ಅಳತೆಗೋಲು ಯಾವುದು, ಅದು ಯಾರ ಕೈಯಲ್ಲಿದೆ ಎಂದು ಕೇಳಿಕೊಳ್ಳಿ. ವಯಸ್ಸು, ಅಂಕ, ಆದಾಯದ ಮಿತಿಗಳಂಥ ಷರತ್ತುಗಳಿದ್ದರೆ ಈ ಪದವೇ ಸರಿ. ‘ಅರ್ಹ ಅಭ್ಯರ್ಥಿಗಳಿಂದ ಅರ್ಜಿ ಆಹ್ವಾನಿಸಲಾಗಿದೆ’ ಎಂಬ ನೇಮಕಾತಿ ಪ್ರಕಟಣೆಯ ವಾಕ್ಯದಲ್ಲಿ ಬೇರೆ ಪದ ಕೂರುವುದಿಲ್ಲ. ಹಿಂದಿನ ನಾಮಪದಕ್ಕೆ ಚತುರ್ಥಿ ವಿಭಕ್ತಿ ಬರಲಿ: ‘ಪಿಂಚಣಿಗೆ ಅರ್ಹರು’. ಕ್ರಿಯೆಯಾದರೆ ‘ಮತ ಚಲಾಯಿಸಲು ಅರ್ಹರು’.

ಸಮಾಸದಲ್ಲಿ ಮಾತ್ರ ಈ ಬಿಗಿ ಸಡಿಲುತ್ತದೆ. ‘ಗಮನಾರ್ಹ’, ‘ಶ್ಲಾಘನಾರ್ಹ’ ಎನ್ನುವಾಗ ಯಾರೂ ಅಂಕ ಕೊಡುವುದಿಲ್ಲ. ಆದರೆ ಇದನ್ನು ಅಚ್ಚಗನ್ನಡ ಪದಕ್ಕೆ ಅಂಟಿಸಬೇಡಿ; ‘ಮೆಚ್ಚುಗಾರ್ಹ’ ಎಂದರೆ ಅರಿಸಮಾಸ (ಕನ್ನಡ, ಸಂಸ್ಕೃತ ಪದಗಳ ಸಲ್ಲದ ಜೋಡಣೆ), ಮೊಸರಿನಲ್ಲಿ ಸಿಕ್ಕ ಕಲ್ಲು. ‘ಮೆಚ್ಚುಗೆಗೆ ಅರ್ಹ’ ಎಂದು ಬಿಡಿಸಿ ಬರೆದರಾಯಿತು. ‘ಮೆಚ್ಚುಗೆಗೆ ಪಾತ್ರರಾದರು’ ಎಂದಾಗ ಅರ್ಥ ಬೇರೆ: ಮೆಚ್ಚುಗೆ ಆಗಲೇ ದೊರೆತಿದೆ. ಅರ್ಹನಾದವನಿಗೆ ಅದು ದೊರೆಯಬಹುದು, ದೊರೆಯದೆಯೂ ಇರಬಹುದು.

‘ಯೋಗ್ಯ’ ಗುಣವನ್ನೂ ಬಳಕೆಯ ಹದವನ್ನೂ ಹೇಳುತ್ತದೆ. ಕಾವೇರಿ ನೀರು ಕುಡಿಯಲು ಯೋಗ್ಯವಾಗಿರಬೇಕು, ಅರ್ಹವಾಗಿರಬೇಕಿಲ್ಲ. ನಿಷೇಧರೂಪದಲ್ಲಿ ಈ ಅಂತರ ಇನ್ನೂ ಹರಿತ. 2019ರ ಜುಲೈನಲ್ಲಿ ವಿಧಾನಸಭಾಧ್ಯಕ್ಷರು 17 ಮಂದಿಯ ಶಾಸಕತ್ವವನ್ನು ರದ್ದುಪಡಿಸಿದಾಗ ಪತ್ರಿಕೆಗಳು ತಿಂಗಳುಗಟ್ಟಲೆ ‘ಅನರ್ಹ ಶಾಸಕರು’ ಎಂದು ಬರೆದವು. ಅದು ಕಾನೂನಿನ ಸ್ಥಿತಿಯನ್ನು ಸೂಚಿಸುವ ಮಾತು. ಅಲ್ಲಿ ‘ಅಯೋಗ್ಯ’ ಎಂದಿದ್ದರೆ ಬೈಗುಳವಾಗುತ್ತಿತ್ತು. ಆಡುಮಾತಿನ ‘ಲಾಯಕ್ಕು’ ಸೌಮ್ಯವೇ, ‘ನಾಲಾಯಕ್ಕು’ ಮಾತ್ರ ಜಗಳ ತರುತ್ತದೆ.

ಕಾಗುಣಿತದ ಬಗ್ಗೆಯೂ ಎಚ್ಚರವಿರಲಿ. ಬೆಲೆ ಕಟ್ಟಲಾಗದ್ದು ‘ಅನರ್ಘ್ಯ’, ಅರ್ಹತೆಯಿಲ್ಲದ್ದು ‘ಅನರ್ಹ’. ಅದೇ ಬಿನ್ನವತ್ತಳೆಯ ಅಚ್ಚಿನ ಕರಡಿನಲ್ಲಿ ‘ತಮ್ಮ ಅನರ್ಹ ಸೇವೆ’ ಎಂದು ಮೂಡಿತ್ತು. ಚೌಕಟ್ಟು ಹಾಕಿಸುವ ಮೊದಲೇ ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ.