ಕ್ಯಾಂಪಸ್ ಹೊಲ: ಸೇರುವುದು ಹೇಗೆ, ಉಳಿಯುವುದು ಹೇಗೆ

ವಿದ್ಯಾರ್ಥಿಗಳೇ ನಡೆಸುವ ಹೊಲ ನಿಮ್ಮ ಕ್ಯಾಂಪಸ್ಸಿನಲ್ಲೂ ಇರಬಹುದು. ಹಾಸ್ಟೆಲ್ ಹಿಂದಿನ ಎರಡು ಮಡಿಯೇ ಇರಬಹುದು, ಒಂದೆರಡು ಎಕರೆಯ ತೋಟವೂ ಇರಬಹುದು. ಸೇರಬೇಕಾದರೆ ಕೃಷಿಯನ್ನೇ ಓದುತ್ತಿರಬೇಕು ಎಂದೇನಿಲ್ಲ. ಗಣಿತದವರು, ಸಾಹಿತ್ಯದವರು, ಕಂಪ್ಯೂಟರ್ ಓದುವವರು ಎಲ್ಲರೂ ಬಂದು ಕಳೆ ಕೀಳಬಹುದು.

ಇದೇನು ಹೊಸ ಹುಚ್ಚಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಕ್ಯಾಂಪಸ್ಸಿಗೆ 1967ರಲ್ಲಿ ಅಲನ್ ಚಾಡ್ವಿಕ್ ಎಂಬ ಇಂಗ್ಲಿಷ್ ತೋಟಗಾರ ಬಂದರು. ಕಡಿದಾದ ಇಳಿಜಾರೊಂದನ್ನು ವಿದ್ಯಾರ್ಥಿಗಳ ಜೊತೆ ಸೇರಿ ಕೈಯಲ್ಲೇ ಅಗೆದು ತೋಟ ಮಾಡಿದರು. ಅದೇ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ 1977ರಲ್ಲಿ ‘ಸ್ಟೂಡೆಂಟ್ ಫಾರ್ಮ್’ ಶುರುವಾಯಿತು. ಎರಡೂ ಇವತ್ತಿಗೂ ನಡೆಯುತ್ತಿವೆ. ಎಲ್ಲ ಹೊಲಗಳಿಗೂ ಆ ಅದೃಷ್ಟ ಇರುವುದಿಲ್ಲ. ನನ್ನ ಪ್ರಕಾರ ಇಂಥ ಹೊಲ ಪಾಳು ಬೀಳುವುದು ಹುಳದಿಂದಲೋ ನೀರಿಲ್ಲದೆಯೋ ಅಲ್ಲ. ನಡೆಸುತ್ತಿದ್ದವರು ಓದು ಮುಗಿಸಿ ಹೊರಟುಬಿಡುತ್ತಾರೆ, ಮುಂದಿನವರಿಗೆ ನೀರಿನ ವಾಲ್ವ್ ಎಲ್ಲಿದೆ ಅಂತಲೂ ಗೊತ್ತಿರುವುದಿಲ್ಲ. ಕೆಳಗಿನ ಸಲಹೆಗಳೆಲ್ಲ ಹೆಚ್ಚುಕಮ್ಮಿ ಇದೇ ತೊಂದರೆಯ ಸುತ್ತ ಇವೆ.

ಮೊದಲು ಯಾರ ಹೊಲ ಅಂತ ತಿಳಿಯಿರಿ

ಹೊರಗಿನಿಂದ ಎಲ್ಲ ಹೊಲವೂ ಒಂದೇ ಥರ ಕಾಣುತ್ತದೆ. ಒಳಗೆ ಹಾಗಿಲ್ಲ. ಕೆಲವು ಯಾವುದೋ ವಿಭಾಗದ ಸಂಶೋಧನೆಯ ತಾಕುಗಳು. ಅಲ್ಲಿ ಒಂದು ಕಾಯಿ ಕಿತ್ತರೂ ಯಾರದೋ ಪ್ರಬಂಧದ ಲೆಕ್ಕ ಕೆಡುತ್ತದೆ. ಕೆಲವಕ್ಕೆ ಸಂಬಳದ ವ್ಯವಸ್ಥಾಪಕರು ಇರುತ್ತಾರೆ, ವಿದ್ಯಾರ್ಥಿಗಳು ಅವರ ಕೈಕೆಳಗೆ ದುಡಿಯುತ್ತಾರೆ. ಇನ್ನು ಕೆಲವು ಪೂರ್ತಿ ವಿದ್ಯಾರ್ಥಿ ಸಂಘದವು. ಬೀಜ ಕೊಳ್ಳುವುದರಿಂದ ಹಿಡಿದು ಜಗಳ ಬಿಡಿಸುವ ತನಕ ಎಲ್ಲ ಅವರದೇ.

ಹೋಗಿ ಮೂರು ಪ್ರಶ್ನೆ ಕೇಳಿ. ಏನು ಬೆಳೆಯಬೇಕು ಅಂತ ತೀರ್ಮಾನ ಮಾಡುವವರು ಯಾರು? ಬೆಳೆದದ್ದು ಎಲ್ಲಿಗೆ ಹೋಗುತ್ತದೆ? ರಜೆಯಲ್ಲಿ ನೀರು ಹಾಕುವವರು ಯಾರು? ಮೂರನೆಯದಕ್ಕೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿಸಿಕೊಳ್ಳಿ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಆ ಹೊಲಕ್ಕೆ ನಿಮ್ಮಂಥವರು ತುರ್ತಾಗಿ ಬೇಕು ಅಂತಲೇ ಅರ್ಥ.

ಮೊದಲ ದಿನ

ಬೆರಳು ಮುಚ್ಚುವ ಶೂ, ಮಣ್ಣಾದರೂ ಪರವಾಗಿಲ್ಲ ಅನ್ನುವ ಬಟ್ಟೆ, ಟೋಪಿ, ಕುಡಿಯುವ ನೀರು. ಇಷ್ಟು ಸಾಕು. ಸಲಕರಣೆ ಅಲ್ಲೇ ಇರುತ್ತದೆ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷವಾಗಿದ್ದರೆ ಡಾಕ್ಟರನ್ನು ಕೇಳಿ ಮತ್ತೊಂದು ಹಾಕಿಸಿಕೊಳ್ಳಿ. ಆ ರೋಗಾಣು ಮಣ್ಣಿನಲ್ಲೇ ಇರುತ್ತದೆ.

ಮಡಿಯ ಮೇಲೆ ಕಾಲಿಡಬೇಡಿ. ಹೊಸಬರು ಮಾಡುವ ಮೊದಲ ತಪ್ಪೇ ಇದು. ತುಳಿದ ಮಣ್ಣು ಗಟ್ಟಿಯಾಗುತ್ತದೆ, ಗಾಳಿ ನೀರು ಒಳಗೆ ಇಳಿಯುವುದಿಲ್ಲ, ಬೇರು ಮೇಲೆಯೇ ಸುಳಿಯುತ್ತದೆ. ಮಣ್ಣು ಒದ್ದೆ ಇದ್ದಾಗಂತೂ ಇನ್ನೂ ಕೆಟ್ಟದು. ಎರಡನೆಯದು, ಗೊತ್ತಿಲ್ಲದ ಗಿಡವನ್ನು ಕೇಳದೆ ಕೀಳಬೇಡಿ. ಕ್ಯಾರೆಟ್ ಬೀಜ ಮೊಳೆಯಲು ಎರಡು ವಾರವೂ ಹಿಡಿಯಬಹುದು. ಮೊಳೆತ ಮೇಲೂ ಎಳೆ ಹುಲ್ಲಿನ ಹಾಗೆ ಕಾಣುತ್ತದೆ. ಉತ್ಸಾಹದಲ್ಲಿ ಇಡೀ ಸಾಲು ಕಿತ್ತು ಹಾಕಿದವರು ಪ್ರತಿ ಹೊಲದಲ್ಲೂ ಇರುತ್ತಾರೆ!

ವಾಂತಿ, ಭೇದಿ ಇದ್ದರೆ ಅವತ್ತು ಹೋಗಲೇಬೇಡಿ. ಕೊಯ್ಯುವ ಸೊಪ್ಪನ್ನು ಯಾರೋ ಹಸಿಯಾಗಿಯೇ ತಿನ್ನುತ್ತಾರೆ. ಕೊಯ್ಲಿಗೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಹೊರಡುವಾಗ ಸನಿಕೆ, ಗುದ್ದಲಿ ತೊಳೆದು ಜಾಗದಲ್ಲಿ ಇಟ್ಟು ಹೊರಡಿ.

ಒಂದೇ ಕೆಲಸ ಹಿಡಿಯಿರಿ

ಎಲ್ಲದಕ್ಕೂ ಕೈ ಹಾಕುವ ಸ್ವಯಂಸೇವಕರು ಮೊದಲ ತಿಂಗಳು ಮಿಂಚಿ ಆಮೇಲೆ ಕಾಣುವುದಿಲ್ಲ. ಅದರ ಬದಲು ವಾರಕ್ಕೆ ಎರಡೇ ಗಂಟೆ ಕೊಡಿ, ಆದರೆ ಅದೇ ದಿನ, ಅದೇ ಹೊತ್ತು ಕೊಡಿ. ಒಂದು ಕೆಲಸವನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳಿ. ಸಸಿಮಡಿ, ನೀರು, ಕಾಂಪೋಸ್ಟ್, ಕೊಯ್ದದ್ದನ್ನು ತೊಳೆದು ತೂಗುವುದು, ಲೆಕ್ಕದ ಪುಸ್ತಕ. ಇವುಗಳಲ್ಲಿ ಯಾವುದಾದರೂ ಸರಿ.

ಯಾವುದು ಅಂತ ನನ್ನನ್ನು ಕೇಳಿದರೆ ಕಾಂಪೋಸ್ಟ್ ಅನ್ನುತ್ತೇನೆ. ಮೂಗು ಮುರಿಯಬೇಡಿ. ಹೊಲವೂ ಅಡುಗೆಮನೆಯೂ ನಿಜವಾಗಿ ಕೂಡುವುದು ಅಲ್ಲೇ. ಮೆಸ್ಸಿನಿಂದ ತರಕಾರಿ ಸಿಪ್ಪೆಯ ಬಕೆಟ್ ತರಲು ಹೋಗುವಾಗಲೇ ಅಡುಗೆಯವರ ಪರಿಚಯ ಆಗುತ್ತದೆ. ಆ ಪರಿಚಯ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ರಾಶಿ ಹಾಕುವ ಲೆಕ್ಕ ಸುಲಭ. ಒಣ ಎಲೆ, ಹುಲ್ಲು, ಚೂರು ಮಾಡಿದ ರಟ್ಟಿನಲ್ಲಿ ಇಂಗಾಲ ಜಾಸ್ತಿ. ಸಿಪ್ಪೆ, ಹಸಿ ಸೊಪ್ಪು, ಸಗಣಿಯಲ್ಲಿ ಸಾರಜನಕ ಜಾಸ್ತಿ. ಇಂಗಾಲ 25ರಿಂದ 30 ಪಾಲು, ಸಾರಜನಕ 1 ಪಾಲು ಇದ್ದರೆ ರಾಶಿ ಚೆನ್ನಾಗಿ ಕೊಳೆಯುತ್ತದೆ. ಬಕೆಟ್ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಬಕೆಟ್ ಹಸಿಗೆ ಎರಡು ಮೂರು ಬಕೆಟ್ ಒಣದು. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇರಲಿ. ನಾತ ಬಂದರೆ ಹಸಿ ಅಥವಾ ನೀರು ಜಾಸ್ತಿಯಾಗಿದೆ, ಒಣ ಎಲೆ ಸೇರಿಸಿ ತಿರುವಿ ಹಾಕಿ. ರಾಶಿ ಬಿಸಿಯೇ ಆಗದಿದ್ದರೆ ಹಸಿ ಸಾಲದು, ಇಲ್ಲವೇ ರಾಶಿಯೇ ಸಣ್ಣದು. ಉದ್ದ, ಅಗಲ, ಎತ್ತರ ಒಂದೊಂದು ಮೀಟರಾದರೂ ಬೇಕು.

ಬಿಸಿ ಯಾಕೆ ಮುಖ್ಯ ಅಂದರೆ ರೋಗಾಣು, ಕಳೆ ಬೀಜ ಸಾಯುವುದು ಅದರಲ್ಲೇ. ಅಮೆರಿಕದ ಸಾವಯವ ಕೃಷಿ ನಿಯಮದಲ್ಲಿ ಸಗಣಿ ಬೆರೆತ ಉದ್ದ ರಾಶಿ 55 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ 15 ದಿನ ಇರಬೇಕು, ಅಷ್ಟರಲ್ಲಿ ಐದು ಸಲ ತಿರುವಬೇಕು ಅಂತ ಇದೆ. ಕೊಳೆಯದ ಹಸಿ ಸಗಣಿ ಹಾಕಿದರೆ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯನ್ನು 120 ದಿನ, ತಾಗದ ಬೆಳೆಯನ್ನು 90 ದಿನ ಕೊಯ್ಯುವ ಹಾಗಿಲ್ಲ. ಉದ್ದ ಕಾಂಡದ ಥರ್ಮಾಮೀಟರ್ ಒಂದನ್ನು ತರಿಸಿ. ಬೆಳಿಗ್ಗೆ ಅದನ್ನು ಚುಚ್ಚಿ ಅಂಕಿ ಬರೆದಿಡುವುದು ಒಂದು ನಿಮಿಷದ ಕೆಲಸ, ಆದರೆ ಹೊಸಬರು ಅಷ್ಟಕ್ಕೇ ದಿನಾ ಬರುತ್ತಾರೆ, ನೋಡಿ.

ನೀರಿನ ಕೆಲಸ ಹಿಡಿದವರಿಗೆ ಎರಡೇ ಮಾತು. ಮೇಲ್ಮಣ್ಣು ನೋಡಿ ತೀರ್ಮಾನ ಮಾಡಬೇಡಿ, ಬೆರಳು ಇಳಿಸಿ ನೋಡಿ. ಹನಿ ನೀರಾವರಿ ಇದ್ದರೆ ಫಿಲ್ಟರ್ ತೊಳೆಯುವ ದಿನವನ್ನು ಗೋಡೆಯ ಮೇಲೆ ಬರೆಯಿರಿ.

ಪರೀಕ್ಷೆ ಒಂದು ಕಡೆ, ಪೈರು ಒಂದು ಕಡೆ

ಇನ್ನು ಬೆಳೆ. ಎಲ್ಲ ಕಡೆಯ ಕ್ಯಾಂಪಸ್ ಹೊಲಗಳೂ ಒದ್ದಾಡುವ ಜಾಗ ಇದು. ಟೊಮೆಟೊ ಹಣ್ಣಾಗುವ ಹೊತ್ತಿಗೆ ಪರೀಕ್ಷೆ ಬರುತ್ತದೆ. ಪರೀಕ್ಷೆ ಮುಗಿದರೆ ಎಲ್ಲರೂ ಊರಿಗೆ. ಚಳಿ ದೇಶಗಳಲ್ಲಿ ಇದು ಇನ್ನೂ ಫಜೀತಿ. ಅಲ್ಲಿ ಗಿಡ ಬೆಳೆಯುವುದೇ ಬೇಸಿಗೆಯಲ್ಲಿ, ವಿದ್ಯಾರ್ಥಿಗಳು ಇಲ್ಲದಿರುವುದೂ ಆಗಲೇ.

ಹಾಗಾಗಿ ಕ್ಯಾಲೆಂಡರನ್ನು ಹಿಂದಿನಿಂದ ಓದಿ. ರಜೆ ಶುರುವಾಗುವ ದಿನಕ್ಕೆ ಗೆರೆ ಎಳೆಯಿರಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಮೂಲಂಗಿಯ ಬೇಗ ಬರುವ ತಳಿಗಳಿಗೆ 25–30 ದಿನ ಸಾಕು. ಪಾಲಕ್‌ಗೆ 40–45 ದಿನ. ಗಿಡ್ಡ ಬೀನ್ಸ್‌ಗೆ 50–60. ಟೊಮೆಟೊ ಸಸಿಮಡಿಯಲ್ಲೇ ಐದಾರು ವಾರ ಇರುತ್ತದೆ, ನಾಟಿ ಮಾಡಿದ ಮೇಲೆ ಇನ್ನೂ 60–80 ದಿನ. ಒಂದು ಸೆಮಿಸ್ಟರ್ ಪೂರ್ತಿ ಅದಕ್ಕೇ ಹೋಯಿತು, ಅಲ್ವಾ? ಮೊದಲ ವರ್ಷದವರು ಟೊಮೆಟೊ ಮೇಲೆ ಆಸೆಪಡುವುದು ಸಹಜ. ಒಂದು ಮಡಿ ಹಾಕಿಕೊಳ್ಳಲಿ, ಪರವಾಗಿಲ್ಲ. ಉಳಿದ ಮಡಿಗಳಲ್ಲಿ ಬೇಗ ಬರುವುದನ್ನು ಹಾಕಿ.

ಮೂಲಂಗಿ, ಸೊಪ್ಪನ್ನು ಒಂದೇ ದಿನ ಬಿತ್ತಿಬಿಟ್ಟರೆ ಒಂದೇ ವಾರ ರಾಶಿ ಬಿದ್ದು ಆಮೇಲೆ ಏನೂ ಇರುವುದಿಲ್ಲ. ಹತ್ತು ಹದಿನೈದು ದಿನಕ್ಕೊಮ್ಮೆ ಒಂದೊಂದು ಸಾಲು ಬಿತ್ತುತ್ತಾ ಹೋಗಿ. ಉದ್ದ ರಜೆ ಬರುತ್ತಿದ್ದರೆ ಮಡಿಯನ್ನು ಬರಿದಾಗಿ ಬಿಡಬೇಡಿ. ಹಸಿರೆಲೆ ಗೊಬ್ಬರದ, ಅಂದರೆ ಬೆಳೆಸಿ ಮಣ್ಣಿಗೇ ಸೇರಿಸುವ ಗಿಡಗಳ ಬೀಜ ಚೆಲ್ಲಿ, ಇಲ್ಲವೇ ಒಣಹುಲ್ಲಿನ ದಪ್ಪ ಹೊದಿಕೆ ಹಾಸಿ. ಇಲ್ಲದಿದ್ದರೆ ವಾಪಸ್ಸು ಬಂದಾಗ ಸೊಂಟದೆತ್ತರದ ಕಳೆ ಸ್ವಾಗತ ಮಾಡುತ್ತದೆ.

ಹೊಸ ಜಾಗದಲ್ಲಿ ಶುರು ಮಾಡುವವರು ಬಿತ್ತುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಬಹುತೇಕ ತರಕಾರಿಗೆ ಪಿಎಚ್ 6ರಿಂದ 7ರ ಒಳಗಿದ್ದರೆ ಸರಿ. ಹಳೆಯ ಕಟ್ಟಡದ ಪಕ್ಕವಾದರೆ ಸೀಸದ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಹಳೆಯ ಬಣ್ಣದಿಂದ ಉದುರಿದ ಸೀಸ ಮಣ್ಣಿನಲ್ಲಿ ಹಾಗೇ ಕೂತಿರುತ್ತದೆ. ಜಾಸ್ತಿ ಇದ್ದರೆ ಜಾಗ ಬದಲಿಸಿ. ಆಗದಿದ್ದರೆ ಕಟ್ಟೆ ಕಟ್ಟಿ ಹೊರಗಿನ ಒಳ್ಳೆಯ ಮಣ್ಣು ತುಂಬಿ ಬೆಳೆಯಿರಿ.

ಬೆಳೆದದ್ದನ್ನು ತಿನ್ನುವವರು ಬೇಕು

ಎಷ್ಟೋ ಹೊಲಗಳು ಬೆಳೆಯುವುದನ್ನು ಕಲಿತಿರುತ್ತವೆ, ಹಂಚುವುದನ್ನು ಕಲಿತಿರುವುದಿಲ್ಲ. ಕೊಯ್ದ ಸೊಪ್ಪು ಬುಟ್ಟಿಯಲ್ಲೇ ಬಾಡುತ್ತದೆ. ಬಿಸಿಲೇರುವ ಮುಂಚೆ ಕೊಯ್ಯಿರಿ. ಸೊಪ್ಪನ್ನು ತಕ್ಷಣ ತಣ್ಣನೆಯ ಶುದ್ಧ ನೀರಲ್ಲಿ ಅದ್ದಿ, ನೀರು ಬಸಿದು ತಂಪಲ್ಲಿಡಿ. ಟೊಮೆಟೊ ಮಾತ್ರ ಫ್ರಿಜ್ಜಿಗೆ ಹಾಕಬೇಡಿ, ರುಚಿ ಹೋಗುತ್ತದೆ.

ಮೆಸ್ಸಿಗೆ ಕೊಡುವ ಆಲೋಚನೆ ಇದ್ದರೆ ಬಿತ್ತುವ ಮೊದಲೇ ಅಡುಗೆಯವರ ಹತ್ತಿರ ಕೂತು ಮಾತಾಡಿ. ಅವರಿಗೆ ನಿಮ್ಮ ಆದರ್ಶ ಬೇಕಿಲ್ಲ. ಯಾವ ವಾರ, ಎಷ್ಟು ಕಿಲೋ, ತೊಳೆದದ್ದೋ ಮಣ್ಣಿನದೋ, ಎಷ್ಟು ಗಂಟೆಗೆ ಬರುತ್ತದೆ ಎಂಬುದು ಬೇಕು. ನೂರಾರು ಜನರ ಅಡುಗೆಗೆ ಎರಡು ಕಿಲೋ ಬೀನ್ಸ್ ತಂದುಕೊಟ್ಟರೆ ಅದು ಬರೀ ತಲೆನೋವು. ಅದರ ಬದಲು ಕೊತ್ತಂಬರಿ, ಪುದೀನದಂಥ ಸ್ವಲ್ಪವೇ ಸಾಕಾಗುವ ಸೊಪ್ಪನ್ನು ವಾರ ತಪ್ಪದೆ ಕೊಡಿ. ನಂಬಿಕೆ ಬಂದ ಮೇಲೆ ಅವರೇ ಇನ್ನೊಂದು ಕೇಳುತ್ತಾರೆ.

ಇನ್ನೊಂದು ದಾರಿ ಪಾಲುಗಾರಿಕೆ. ತಿನ್ನುವವರು ಹಂಗಾಮಿನ ಮೊದಲೇ ದುಡ್ಡು ಕಟ್ಟುತ್ತಾರೆ, ವಾರವಾರ ಬೆಳೆದದ್ದರಲ್ಲಿ ಒಂದು ಪಾಲು ಪಡೆಯುತ್ತಾರೆ. ಬೆಳೆ ಕೈಕೊಟ್ಟರೆ ನಷ್ಟದಲ್ಲೂ ಪಾಲು. ಜಪಾನಿನಲ್ಲಿ 1970ರ ದಶಕದಲ್ಲೇ ‘ತೇಕೇ’ ಎಂಬ ಹೆಸರಲ್ಲಿ ರೈತರೂ ಗ್ರಾಹಕರೂ ನೇರ ಒಪ್ಪಂದ ಮಾಡಿಕೊಂಡಿದ್ದರು. ಅಮೆರಿಕದಲ್ಲಿ 1986ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಷೈರ್‌ನ ಎರಡು ಹೊಲಗಳಲ್ಲಿ ಪಾಲಿನ ಪದ್ಧತಿ ಶುರುವಾಯಿತು. ಕ್ಯಾಂಪಸ್ಸಿನಲ್ಲಿ ಮಾಡುವುದಾದರೆ ಹತ್ತು ಹದಿನೈದು ಪಾಲುದಾರರು ಸಾಕು. ಅವರಲ್ಲಿ ಅರ್ಧದಷ್ಟಾದರೂ ಅಧ್ಯಾಪಕರು, ಸಿಬ್ಬಂದಿ, ಅಕ್ಕಪಕ್ಕದ ಮನೆಯವರು ಇರಲಿ. ಅವರು ರಜೆಗೆ ಊರು ಬಿಡುವುದು ಕಡಿಮೆ, ವರ್ಷಗಟ್ಟಲೆ ಅಲ್ಲೇ ಇರುತ್ತಾರೆ. ರಜೆಯಲ್ಲಿ ನೀರು ಹಾಕುವವರೂ ಅವರ ಪೈಕಿಯೇ ಸಿಗುತ್ತಾರೆ.

ಮಾರಲು ಹೊರಟವರಿಗೆ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ನಿಮ್ಮ ಜಾಗಕ್ಕೆ ಬಾಡಿಗೆ ಇಲ್ಲ, ದುಡಿಯುವವರಿಗೆ ಕೂಲಿ ಇಲ್ಲ. ಸುಮ್ನೆ ಕಡಿಮೆ ಬೆಲೆಗೆ ಮಾರಿಬಿಡಬಹುದು. ಮಾರಬೇಡಿ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಸಣ್ಣ ರೈತರ ಹೊಟ್ಟೆಪಾಡು ಅದು. ಅವರ ಬೆಲೆಗಿಂತ ಕೆಳಗೆ ಇಳಿಯಬೇಡಿ. ಆದಷ್ಟೂ ಅವರು ಬೆಳೆಯದ್ದನ್ನು ಬೆಳೆಯಿರಿ, ಇಲ್ಲವೇ ಕೊಳ್ಳಲು ಆಗದವರಿಗೆ ಉಚಿತವಾಗಿ ಕೊಡಿ. ಸ್ಥಳೀಯ ಆಹಾರದ ಬಗ್ಗೆ ಭಾಷಣ ಮಾಡುತ್ತಾ ಸ್ಥಳೀಯ ರೈತರ ಗಿರಾಕಿಗಳನ್ನು ಕಿತ್ತುಕೊಳ್ಳುವುದು ಸರಿ ಕಾಣುವುದಿಲ್ಲ. ಸಾಧ್ಯವಾದರೆ ಆ ರೈತರನ್ನೇ ಹೊಲಕ್ಕೆ ಕರೆದು ನಿಮ್ಮ ಮಡಿ ತೋರಿಸಿ. ಒಂದು ಗಂಟೆಯಲ್ಲಿ ಅವರು ಹೇಳಿಕೊಡುವುದು ಒಂದು ಸೆಮಿಸ್ಟರಿನಷ್ಟು.

ಹೊಲದ ಕೆಲಸಕ್ಕೇ ಬರಲಾಗದವರೂ ಇರುತ್ತಾರೆ. ಅವರಿಗೂ ದಾರಿ ಇದೆ. ಮೆಸ್ಸಿನಲ್ಲಿ ಉಳಿದ ಅಡುಗೆಯನ್ನು ಬೇಕಾದವರಿಗೆ ತಲುಪಿಸುವ ‘ಫುಡ್ ರಿಕವರಿ ನೆಟ್‌ವರ್ಕ್’ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ 2011ರಲ್ಲಿ ಶುರುವಾದದ್ದು. ಸೈಕಲ್ ಇದ್ದು, ರಾತ್ರಿ ಒಂದು ಗಂಟೆ ಬಿಡುವಿದ್ದರೆ ಆ ಥರದ ಕೆಲಸ ಮಾಡಬಹುದು. ಜನ ಸೇರಿಸಲು ಊಟಕ್ಕಿಂತ ಒಳ್ಳೆಯ ಉಪಾಯವಂತೂ ಇಲ್ಲ. ಯೇಲ್ ವಿಶ್ವವಿದ್ಯಾಲಯದ ಒಂದೆಕರೆ ಹೊಲದಲ್ಲಿ ಸೌದೆ ಒಲೆ ಇದೆ, ಕೆಲಸ ಮುಗಿಸಿದವರಿಗೆ ಅದರಲ್ಲೇ ಪಿಜ್ಜಾ ಬೇಯಿಸುತ್ತಾರೆ.

ಜಾಗದ ಕಾಗದ

ಸಭೆ, ಲೆಕ್ಕ, ಅನುಮತಿ. ಯಾರಿಗೂ ಇಷ್ಟವಿಲ್ಲದ ಕೆಲಸ, ಬೇಗ ಮುಗಿಸೋಣ. ಜಾಗ, ನೀರಿನ ಸಂಪರ್ಕ, ಸಲಕರಣೆ ಕೋಣೆ ಇವಕ್ಕೆ ಆಡಳಿತದಿಂದ ಬರಹದಲ್ಲೇ ಅನುಮತಿ ಪಡೆಯಿರಿ. ಖಾಲಿ ಕಾಣುವ ಜಾಗದ ಮೇಲೆ ಕಟ್ಟಡದವರ ಕಣ್ಣು ಸದಾ ಇರುತ್ತದೆ. ಕೆನಡಾದ ವ್ಯಾಂಕೂವರ್‌ನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ 24 ಹೆಕ್ಟೇರ್ ಹೊಲ ಒಂದು ಕಾಲಕ್ಕೆ ಯೋಜನೆಯ ನಕ್ಷೆಯಲ್ಲಿ ಮುಂದೆ ಮನೆ ಕಟ್ಟುವ ಜಾಗವಾಗಿತ್ತು. ವಿದ್ಯಾರ್ಥಿಗಳು ವರ್ಷಗಟ್ಟಲೆ ಹಟ ಹಿಡಿದರು. 2009ರಲ್ಲಿ ಅಕ್ಕಪಕ್ಕದವರೂ ಸೇರಿ ಮೆರವಣಿಗೆ ಹೋದರು. ಹೊಲ ಉಳಿಯಿತು. ಅಲ್ಲಿ ನಡೆದವರಲ್ಲಿ ಬೆಳೆಯುವವರ ಜೊತೆ ತಿನ್ನುವವರೂ ಇದ್ದರು.

ಕೈ ಬದಲಿಸುವುದು

ಸೇರಿದ ದಿನದಿಂದಲೇ ಒಂದು ಪುಸ್ತಕ ಇಡಿ. ಫೋನಿನಲ್ಲಿ ಬೇಡ, ಸಲಕರಣೆ ಕೋಣೆಯಲ್ಲಿ ನೇತುಹಾಕಿದ ನೋಟ್‌ಬುಕ್ ಇರಲಿ. ಯಾವ ಮಡಿಯಲ್ಲಿ ಯಾವ ತಳಿ, ಯಾವತ್ತು ಬಿತ್ತಿದ್ದು, ಯಾವತ್ತು ಮೊದಲ ಕೊಯ್ಲು, ಎಷ್ಟು ತೂಕ, ಯಾವ ಹುಳ ಬಂತು, ಉಳಿದ ಬೀಜ ಎಲ್ಲಿದೆ. ಟೊಮೆಟೊ ಇದ್ದ ಮಡಿಯಲ್ಲಿ ಮುಂದಿನ ಸಲ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಬಾರದು. ಎಲ್ಲ ಒಂದೇ ಕುಟುಂಬ, ರೋಗವೂ ಒಂದೇ. ಪುಸ್ತಕ ಇಲ್ಲದಿದ್ದರೆ ಹೋದ ವರ್ಷ ಅಲ್ಲಿ ಏನಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ.

ಎರಡನೇ ವರ್ಷದಲ್ಲೇ ಜೂನಿಯರ್ ಒಬ್ಬರನ್ನು ಜೊತೆಗೆ ಹಾಕಿಕೊಳ್ಳಿ. ನೀವು ಮಾಡುವುದನ್ನು ಅವರು ನೋಡಲಿ, ಆಮೇಲೆ ಅವರು ಮಾಡುವುದನ್ನು ನೀವು ನೋಡಿ. ಬಾಯಿ ಹಾಕಬೇಡಿ, ಅದೇ ಕಷ್ಟ. ಬೀಗದ ಕೈ, ಮೇಲ್‌ನ ಪಾಸ್‌ವರ್ಡ್, ಬ್ಯಾಂಕ್ ಖಾತೆಯ ಸಹಿ, ಪಾಲುದಾರರ ಪಟ್ಟಿ, ಮೆಸ್ಸಿನಲ್ಲಿ ಯಾರನ್ನು ಕೇಳಬೇಕು ಎಂಬ ಹೆಸರು, ಇವನ್ನೆಲ್ಲ ಕೊನೆಯ ಪರೀಕ್ಷೆಗೆ ಎರಡು ತಿಂಗಳು ಮೊದಲೇ ಅವರ ಕೈಗೆ ಕೊಟ್ಟುಬಿಡಿ. ಏನಾದರೂ ಮರೆತಿದ್ದರೆ ಕೇಳಲು ಆಗ ನೀವಿನ್ನೂ ಅಲ್ಲೇ ಇರುತ್ತೀರಿ.