ಅಟೆಂಡೆನ್ಸ್, ಅನಾಟಮಿ ಮತ್ತು ಅಶೋಕನಗರದ ಮೈದಾನ

ಎಂಬಿಬಿಎಸ್ ಓದುತ್ತಾ ಬೆಂಗಳೂರು ಲೀಗ್‌ನಲ್ಲಿ ಫುಟ್‌ಬಾಲ್ ಆಡುತ್ತಿದ್ದೆ ಅಂದರೆ ಎಲ್ಲರೂ ಕೇಳುವುದು ಒಂದೇ: "ಓದೋಕೆ ಟೈಮ್ ಎಲ್ಲಿ ಸಿಗ್ತಿತ್ತು?" ನಿಜ ಹೇಳಬೇಕೆಂದರೆ ಓದಿಗೆ ಹೇಗೋ ಟೈಮ್ ಆಗುತ್ತಿತ್ತು. ಕಾಡಿದ್ದು ಅಟೆಂಡೆನ್ಸ್. ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಲೀಗ್ ಪಂದ್ಯಗಳೋ, ಅಶೋಕನಗರದ ಸ್ಟೇಡಿಯಂನಲ್ಲಿ ವಾರದ ದಿನವೇ, ಅದೂ ಮಧ್ಯಾಹ್ನ!

ಹಾಗಾಗಿ ಫಿಕ್ಸ್ಚರ್, ಅಂದರೆ ಪಂದ್ಯಗಳ ವೇಳಾಪಟ್ಟಿ, ಕೈಗೆ ಬಂದ ದಿನವೇ ಕೋಚ್ ಹತ್ತಿರ ಹೋಗುತ್ತಿದ್ದೆ. "ಸರ್, ಈ ಮ್ಯಾಚ್‌ಗೆ ಬರ್ತೀನಿ, ಇದಕ್ಕೆ ಆಗಲ್ಲ." ಕೊನೇ ಗಳಿಗೆಯಲ್ಲಿ ಕೈಕೊಡುವ ಹುಡುಗನನ್ನು ಯಾವ ಕೋಚೂ ಇಟ್ಟುಕೊಳ್ಳುವುದಿಲ್ಲ. ಮೊದಲೇ ಹೇಳಿದರೆ ಬೈದುಕೊಂಡೇ ಒಪ್ಪುತ್ತಾರೆ.

ಕಾಲೇಜೂ ಕ್ಲಬ್ಬೂ ಒಂದೇ ಊರಲ್ಲಿದ್ದದ್ದು ನನ್ನ ಪುಣ್ಯ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ಕ್ಯಾಪ್ಟನ್ ಆಗಿದ್ದ ಟಿ. ಆವೊ ಕೋಲ್ಕತ್ತದಲ್ಲೇ ವೈದ್ಯಕೀಯ ಓದಿದರು, ಅಲ್ಲೇ ಮೋಹನ್ ಬಗಾನ್ ಕ್ಲಬ್ಬಿಗೆ ಆಡಿದರು. ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಸಾಕ್ರಟೀಸ್ ಕೂಡ ರಿಬೆರಾವ್ ಪ್ರೆಟೊದಲ್ಲಿ ವೈದ್ಯಕೀಯ ಓದುತ್ತಾ ಅದೇ ಊರಿನ ಬೊಟಾಫೊಗೊ ಕ್ಲಬ್ಬಿಗೆ ಆಡಿದವರು. ದೊಡ್ಡ ಕ್ಲಬ್ ಕೊರಿಂಥಿಯನ್ಸ್‌ಗೆ ಹೋದದ್ದು 1978ರಲ್ಲಿ, ಓದು ಮುಗಿದ ಮೇಲೆ. ಇಂಥವರ ಪ್ರತಿಭೆ ಬಗ್ಗೆ ಎಲ್ಲರೂ ಮಾತಾಡ್ತಾರೆ, ಬಸ್ಸಿನ ಓಡಾಟ ಇಲ್ಲದೆ ಉಳಿದ ಟೈಮ್ ಬಗ್ಗೆ ಯಾರೂ ಮಾತಾಡಲ್ಲ.

ವಾರ್ಡ್ ಪೋಸ್ಟಿಂಗ್ ಶುರುವಾದ ಮೇಲೆ ಲೀಗ್‌ನ ಸೂಪರ್ ಡಿವಿಷನ್ ಬಿಟ್ಟು ಅದರ ಕೆಳಗಿನ ಎ ಡಿವಿಷನ್ ಕ್ಲಬ್ ಸೇರಿದೆ. ಇಲ್ಲಿ ಪ್ರಾಕ್ಟೀಸ್ ಬೆಳಿಗ್ಗೆ ಬೇಗ ಮುಗಿಯುತ್ತಿತ್ತು. ಸ್ನಾನ ಮಾಡಿ, ಏಪ್ರನ್ ಹಾಕಿ ವಾರ್ಡಿಗೆ ಹೋಗಬಹುದಿತ್ತು. "ಸುಮ್ನೆ ಕೆಳಗೆ ಇಳಿದೆ" ಅಂದರು ಗೆಳೆಯರು. ಇರಲಿ.

ಟೀಮಿನಲ್ಲಿ ನಾನು ಫಸ್ಟ್ ಇಯರ್‌ನಿಂದಲೇ 'ಡಾಕ್ಟ್ರು'. ಆಗ ತಮಾಷೆ. ಆಮೇಲೆ ಒಂದು ದಿನ ನಮ್ಮ ಲೆಫ್ಟ್ ಬ್ಯಾಕ್ ತಿರುಗುವಾಗ ಬಿದ್ದ. "ಟಪ್ ಅಂತ ಸದ್ದು ಬಂತು ಡಾಕ್ಟ್ರೇ" ಅಂದ. ಮಂಡಿಯನ್ನು ಸ್ವಲ್ಪ ಮಡಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಮೊಣಕಾಲ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದೆ. ಲ್ಯಾಕ್‌ಮನ್ ಟೆಸ್ಟ್ ಅಂತಾರೆ ಇದಕ್ಕೆ. ಸರಿಯಿರುವ ಮಂಡಿ ಗಟ್ಟಿಯಾಗಿ ನಿಲ್ಲಬೇಕು. ಅವನದು ನಿಲ್ಲಲೇ ಇಲ್ಲ, ಜಾರುತ್ತಾ ಬಂತು. ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಕಟ್ಟು, ಹರಿದಿದೆ ಅಂತ ಎಂಆರ್‌ಐ ಕೂಡ ಹೇಳಿತು.

ಅವನ ಮೊದಲ ಪ್ರಶ್ನೆ ಮ್ಯಾಚ್ ಬಗ್ಗೆ ಅಲ್ಲ, "ಬೈಕ್ ಓಡಿಸಬಹುದಾ?" ಅಂತ. ಡೆಲಿವರಿ ಕೆಲಸ ಅವನದು. ನಾನು ಮೂಳೆ ವಿಭಾಗಕ್ಕೇ ಹೋಗಬೇಕು ಅಂತ ತೀರ್ಮಾನಿಸಿದ್ದು ಆ ಪ್ರಶ್ನೆಯಿಂದ. ಲೀಗ್ ಆಡುವ ಎಷ್ಟೋ ಹುಡುಗರಿಗೆ ಮಂಡಿ ಅಂದರೆ ಸಂಬಳ ಕೂಡ, ಅಲ್ವಾ?

ಇಂಟರ್ನ್‌ಶಿಪ್ ವರ್ಷ ಯಾವ ಕ್ಲಬ್ಬಿಗೂ ಸೈನ್ ಮಾಡಲಿಲ್ಲ. ನೈಟ್ ಡ್ಯೂಟಿ ಮುಗಿಸಿ ನಿದ್ದೆಗಣ್ಣಲ್ಲಿ ಟ್ಯಾಕಲ್‌ಗೆ ಇಳಿದರೆ ಏಟು ನನಗೆ ಮಾತ್ರ ಬೀಳುವುದಿಲ್ಲ. ಮರುವರ್ಷ ಹಳೇ ಕ್ಲಬ್ಬಿಗೇ ಹೋದೆ. ನನ್ನ ಜಾಗವಾಗಿದ್ದ ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ, ನನಗಿಂತ ಜೋರಾಗಿ ಓಡುವ ಹುಡುಗ ಬಂದಿದ್ದ. ಕೋಚ್ ನನ್ನನ್ನು ಸ್ಟಾಪರ್, ಅಂದರೆ ಹಿಂದೆ ನಡುವಲ್ಲಿ ನಿಂತು ತಡೆಯುವ ಆಟಗಾರ, ಮಾಡಿದರು.